ವಾ ಕೋದಲ್ಲಿ ಹನ್ನೊಂದೂವರೆ

ಜನವರಿ 23, 2026, ಶುಕ್ರವಾರ
ಚುಂಫೋನ್, ಥಾಯ್‌ಲ್ಯಾಂಡ್, ರಾತ್ರಿ

ಪುಟ್ಟಿ ಮಲಗಿದಳು. ಇವರು ನಾಳೆಯ ದಾರಿ ನೋಡ್ತಾ ನೋಡ್ತಾ ಫೋನ್ ಕೈಯಲ್ಲಿ ಹಿಡಿದೇ ನಿದ್ದೆ ಹೋದರು. ನನಗೆ ನಿದ್ದೆ ಹತ್ತುತ್ತಿಲ್ಲ. ಬೀಚಿನ ಫೋಟೋ, ಗುಹೆಯ ಫೋಟೋ ಎಲ್ಲ ಊರಿಗೆ ಬಂದ ಮೇಲೆ ಹಾಕ್ತೀನಿ. ಇವತ್ತು ಅಪ್ಪನ ವಿಷಯ ಬರೆಯದೆ ಮಲಗೋಕಾಗಲ್ಲ.

ಬೆಳಿಗ್ಗೆ ಪ್ರಚುವಾಪ್‌ನಲ್ಲೇ ಇದ್ದೆವು. ತಿಂಡಿಗೂ ಮೊದಲು ಆವ್ ಮನಾವ್‌ಗೆ ಹೋಗಿ ಬಂದೆವು. ಆ ಬೀಚ್ ಇರೋದು ವಾಯುಪಡೆಯ ನೆಲೆಯ ಒಳಗೆ. ಗೇಟಿನಲ್ಲಿ ಹೆಸರು ಬರೆಸಿ, ರನ್‌ವೇ ದಾಟಿ ಹೋಗಬೇಕು. 1941ರ ಡಿಸೆಂಬರ್ 8ರಂದು ಜಪಾನಿನ ಸೇನೆ ಇದೇ ಕಡಲಿಂದ ಇಳಿದಿತ್ತು. ಇಲ್ಲಿದ್ದ ಥಾಯ್ ಸೈನಿಕರು ಕದನ ನಿಲ್ಲಿಸಿ ಅನ್ನೋ ಆದೇಶ ಬರೋತನಕ ಬಗ್ಗದೆ ಕಾದಾಡಿದರಂತೆ. ಪುಟ್ಟಿಗೆ ಅದೆಲ್ಲ ಬೇಡ. ಅವಳಿಗೆ ಬೇಕಾಗಿದ್ದು ಬೆಟ್ಟದ ಬುಡದ ಲಂಗೂರುಗಳು. ಮೈಯೆಲ್ಲ ಬೂದು, ಕಣ್ಣಿನ ಸುತ್ತ ಬಿಳಿ ಬಳೆ ಬರೆದ ಹಾಗೆ. ಆದರೆ ಮರಿ ಮಾತ್ರ ಕಿತ್ತಳೆ ಬಣ್ಣ! ತಾಯಿಯ ಹೊಟ್ಟೆಗೆ ಅಂಟಿಕೊಂಡು ಒಂದು ಮರಿ ನಮ್ಮನ್ನೇ ನೋಡ್ತಿತ್ತು. ತಾಯಿ ಅದರ ಕಿವಿಯ ಹಿಂದೆ ಏನೋ ಹುಡುಕಿ ತೆಗೆದು ಬಾಯಿಗೆ ಹಾಕಿಕೊಂಡಳು. ಪುಟ್ಟಿ ಅಲ್ಲಿಂದ ಏಳಲು ಒಪ್ಪಲೇ ಇಲ್ಲ. ನನಗೆ ಗಡಿಯಾರದ ಚಿಂತೆ. ಹನ್ನೊಂದೂವರೆಗೆ ವಾ ಕೋದಲ್ಲಿ ಇರಬೇಕು ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೆ.

ಈ ಪ್ರವಾಸದ ಮಾತು ಎತ್ತಿದಾಗಿನಿಂದ ಅಪ್ಪನದು ಒಂದೇ ಬೇಡಿಕೆ. ‘ಕ್ರಾಬಿ ಬಿಟ್ರೂ ನಡೀತದ, ವಾ ಕೋ ಬಿಡಬ್ಯಾಡ.’ ಇವರಿಗೆ ಆಶ್ಚರ್ಯ. ಥಾಯ್‌ಲ್ಯಾಂಡ್ ಅಂದ್ರೆ ಎಲ್ಲರೂ ಕ್ರಾಬಿ, ಫುಕೆಟ್ ಅಂತಾರೆ. ಜಮಖಂಡಿಯ ನಿವೃತ್ತ ವಿಜ್ಞಾನ ಮಾಸ್ತರರಿಗೆ ಪ್ರಚುವಾಪ್ ಪಕ್ಕದ ಒಂದು ಕಡಲ ದಂಡೆ ಹೇಗೆ ಗೊತ್ತು ಅಂತ. ನಮ್ಮ ಮನೆಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ಕಥೆ ಕೇಳಿಕೊಂಡೇ ನಾವು ಊಟ ಮಾಡಿದ್ದು. ಆ ನೆರಳು ಏಡನ್ ಕಡೆಯಿಂದ ಬಂದು, ಅರಬ್ಬಿ ಸಮುದ್ರ ದಾಟಿ, ಬಿಜಾಪುರ, ಜಮಖಂಡಿ, ಗುಂಟೂರು ಹಾದು, ಬಂಗಾಳ ಕೊಲ್ಲಿಯ ಮೇಲಿಂದ ಸಯಾಮಿಗೆ, ಅಂದರೆ ಈಗಿನ ಥಾಯ್‌ಲ್ಯಾಂಡಿಗೆ ಬಂದಿತ್ತು. ಜಮಖಂಡಿಯಲ್ಲಿ ದೂರದರ್ಶಕ ಹೂಡಿ ಕೂತಿದ್ದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್, ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ. ಆಗಸ್ಟ್ ಅಲ್ವಾ, ಮೋಡ ಸತಾಯಿಸಿತು. ಆದರೂ ಸೂರ್ಯನ ಅಂಚಿನಿಂದ ಚಾಚಿದ ಜ್ವಾಲೆಯ ಬೆಳಕನ್ನು ರೋಹಿತದರ್ಶಕದಲ್ಲಿ ಒಡೆದು ನೋಡಿ, ಅಲ್ಲಿ ಹೊಳೆಯುವ ಗೆರೆಗಳಿವೆ ಅಂತ ಬರೆದಿಟ್ಟರು. ಅಂದರೆ ಅದು ಕಾದು ಹೊಳೆಯುವ ಅನಿಲ. ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಕಂಡದ್ದೂ ಅದನ್ನೇ. ಹೀಲಿಯಂ ಅನ್ನೋ ಅನಿಲ ಪತ್ತೆಯಾದ ಕಥೆ ಶುರುವಾಗಿದ್ದು ಅಲ್ಲಿಂದ.

ನಮ್ಮೂರಿನಲ್ಲಿ ಇದನ್ನು ಹೇಳುವವರು ಅಪ್ಪ ಒಬ್ಬರೇ ಇರಬೇಕು. ಪಟವರ್ಧನರ ಅರಮನೆ ಎಲ್ಲರಿಗೂ ಗೊತ್ತು. ಹರ್ಷೆಲ್ ಬಂದಿದ್ದು ಗೊತ್ತಿಲ್ಲ.

ಅದೇ ನೆರಳು ಮುಂದೆ ಬಂದು ಬಿದ್ದದ್ದು ವಾ ಕೋ ಮೇಲೆ. ಇಲ್ಲಿ ಕಾಯ್ತಾ ಕೂತಿದ್ದವನು ಸಯಾಮಿನ ರಾಜ ಮೋಂಗ್‌ಕುಟ್. ಪಟ್ಟಕ್ಕೆ ಬರುವ ಮೊದಲು 27 ವರ್ಷ ಭಿಕ್ಷುವಾಗಿದ್ದವನು. ಇಂಗ್ಲಿಷ್ ಕಲಿತ, ಲ್ಯಾಟಿನ್ ಕಲಿತ, ಖಗೋಳ ಗಣಿತ ಕಲಿತ. ಗ್ರಹಣ ಎಲ್ಲಿ, ಎಷ್ಟು ಹೊತ್ತು ಪೂರ್ತಿ ಕಾಣುತ್ತೆ ಅಂತ ತಾನೇ ಲೆಕ್ಕ ಹಾಕಿದ. ಆಸ್ಥಾನದ ಜೋಯಿಸರು ಒಪ್ಪಲಿಲ್ಲ. ಅವನು ಫ್ರೆಂಚ್ ವಿಜ್ಞಾನಿಗಳನ್ನೂ ಸಿಂಗಾಪುರದಿಂದ ಬ್ರಿಟಿಷ್ ಗವರ್ನರನ್ನೂ ಕರೆಸಿ, ಈ ಕಾಡಿನಂಚಿನ ದಂಡೆಯಲ್ಲಿ ಬಿಡಾರ ಹಾಕಿಸಿದ. ಹೇಳಿದ ಹೊತ್ತಿಗೆ ಕತ್ತಲಾಯಿತು. ಆರು ಮುಕ್ಕಾಲು ನಿಮಿಷದ ಕತ್ತಲೆ.

ಥಾಯ್ ಜನಕ್ಕೂ ರಾಹು ಅಂದ್ರೆ ಭಯವೇ. ಸೂರ್ಯನನ್ನು ನುಂಗೋನು ಅಲ್ಲೂ ಅವನೇ. ಕಪ್ಪು ಅಕ್ಕಿ, ಕಪ್ಪು ಕಾಫಿ ಅಂತ ಎಂಟು ಬಗೆಯ ಕಪ್ಪು ಪದಾರ್ಥ ಇಟ್ಟು ರಾಹುವನ್ನು ಪೂಜಿಸೋದು ಇವತ್ತಿಗೂ ಇದೆ. ಅಂಥ ಕಡೆ ಒಬ್ಬ ರಾಜ ಹೊರಗೆ ಬಂದು, ದುರ್ಬೀನು ಹಿಡಿದು, ಬನ್ನಿ ನೋಡೋಣ ಅಂದ. ಅಪ್ಪನಿಗೆ ಅವನ ಮೇಲೆ ಯಾಕಷ್ಟು ಪ್ರೀತಿ ಅಂತ ಇವತ್ತು ಅಲ್ಲಿ ನಿಂತಾಗ ಪೂರ್ತಿ ತಿಳಿಯಿತು.

ವಾ ಕೋ ಈಗ ದೊಡ್ಡ ವಿಜ್ಞಾನ ಉದ್ಯಾನ. ಪ್ರಚುವಾಪ್ ಊರಿಂದ ದಕ್ಷಿಣಕ್ಕೆ ಹತ್ತಿರವೇ. ರಾಜನ ಪ್ರತಿಮೆ, ಖಗೋಳದ ಪ್ರದರ್ಶನ, ಒಂದು ಅಕ್ವೇರಿಯಂ. ಶಾಲೆ ಮಕ್ಕಳ ಬಸ್ಸುಗಳು ಸಾಲಾಗಿ ನಿಂತಿದ್ದವು. ಆಗಸ್ಟ್ 18 ಥಾಯ್ ಜನಕ್ಕೆ ರಾಷ್ಟ್ರೀಯ ವಿಜ್ಞಾನ ದಿನ. ಇವರು ಪುಟ್ಟಿಯನ್ನು ಕರೆದುಕೊಂಡು ಮೀನು ನೋಡಲು ಹೋದರು. ನಾನು ದಂಡೆಯ ಕಡೆ ನಡೆದೆ. ಸರಿಯಾಗಿ ಹನ್ನೊಂದೂವರೆ. ಜಮಖಂಡಿಯಲ್ಲಿ ಹತ್ತು ಗಂಟೆ. ಅಪ್ಪ ಮೊದಲ ರಿಂಗಿಗೇ ಎತ್ತಿದರು.

‘ಮೋಡ ಅದಾವೇನು?’

ಹಲೋ ಇಲ್ಲ, ಏನಿಲ್ಲ. ಇಲ್ಲ ಅಪ್ಪಾ, ಸ್ವಚ್ಛ ಅದ ಅಂದೆ.

‘ಸೂರ್ಯ ಎಲ್ಲಿದ್ದಾನ?’

‘ಸಮುದ್ರದ ಕಡೆ ಮಾರಿ ಮಾಡಿ ನಿಂತೀನಿ. ಬಲಕ್ಕ, ಮ್ಯಾಲೆ.’

‘ಹೌದು, ಜನವರಿ ಅಲಾ. ದಕ್ಷಿಣಕ್ಕ ವಾಲಿರ್ತಾನ. ಆವತ್ತು ಹೆಚ್ಚುಕಡಿಮಿ ನೆತ್ತಿ ಮ್ಯಾಲೇ ಇದ್ದ. ರಾಜಾ ಕುತ್ತಿಗಿ ಎತ್ತಿ ನೋಡಿರಬೇಕು ನೋಡು. ಮುಪ್ಪಿನ ಮನಶ್ಯಾ, ಅರವತ್ಮೂರು. ಜಮಖಂಡ್ಯಾಗ ಮುಂಜಾನಿ ಹಿಡಿದಿತ್ತು. ಅಲ್ಲಿ ಬಿಟ್ಟು ಹೋದದ್ದು ಇಲ್ಲಿ ಬಂತು.’

‘ಇಲ್ಲಿ’ ಅಂದರು. ಜಮಖಂಡಿಯ ಪಡಸಾಲೆಯಲ್ಲಿ ಕೂತುಕೊಂಡು ವಾ ಕೋವನ್ನು ‘ಇಲ್ಲಿ’ ಅಂದರು. ನನಗೆ ಗಂಟಲು ಕಟ್ಟಿತು.

ಪ್ರತಿಮೆಯ ಹತ್ತಿರ ಫಲಕ ಇತ್ತು. ದೊಡ್ಡ ಅಕ್ಷರ, ಇಂಗ್ಲಿಷಿನಲ್ಲೂ ಇತ್ತು. ಕ್ಯಾಮೆರಾ ತಿರುಗಿಸಿ ನೋಡಪ್ಪಾ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನೀನೇ ಓದಿ ಹೇಳವಾ’ ಅಂದರು.

ಅಪ್ಪ ಯಾರಿಗೂ ಓದಿ ಹೇಳು ಅನ್ನೋರಲ್ಲ. ಬಸ್ಸಿನ ಬೋರ್ಡು, ಔಷಧಿ ಚೀಟಿ, ಕಾಗದದ ಪೊಟ್ಟಣದ ಹಳೆ ಸುದ್ದಿ, ಎಲ್ಲವನ್ನೂ ನಮಗಿಂತ ಮೊದಲು ಓದಿ ಮುಗಿಸೋರು. ನಾನು ಓದಿದೆ. ತಾರೀಖು ಬಂದಾಗ ಅವರೂ ಜೊತೆಗೆ ಹೇಳಿದರು. ಆಮೇಲೆ ಪ್ರತಿಮೆ ತೋರಿಸಿದೆ. ‘ಛಲೋ ಅದ’ ಅಂದರು. ಕ್ಯಾಮೆರಾ ಅಷ್ಟೊತ್ತಿಗೆ ನನ್ನ ಕಡೆ ತಿರುಗಿತ್ತು, ನಾನು ನೋಡಿಕೊಂಡಿರಲಿಲ್ಲ. ಅಪ್ಪ ನೋಡುತ್ತಿದ್ದದ್ದು ನನ್ನ ಮುಖ. ಅದನ್ನೇ ಛಲೋ ಅದ ಅಂದಿದ್ದರು.

ಅಲ್ಲೇ ಗಾಳಿಮರದ ನೆರಳಲ್ಲಿ ಕೂತು ವೈನಿಗೆ (ಅತ್ತಿಗೆಗೆ) ಫೋನ್ ಮಾಡಿದೆ. ಮೊದಲು ಏನಿಲ್ಲ ಅಂದಳು. ಆಮೇಲೆ ಎಲ್ಲ ಹೇಳಿದಳು. ಗ್ಲಾಕೋಮಾ. ಎಡಗಣ್ಣು ಬಹುತೇಕ ಹೋಗಿದೆ. ಬಲಗಣ್ಣಿನದು ಅಂಚಿನಿಂದ ಕಿರಿದಾಗ್ತಾ ಬರ್ತಿದೆ. ಬೆಳಿಗ್ಗೆ ರಾತ್ರಿ ಹನಿ ಹಾಕ್ತಿದ್ದಾರೆ. ಹೋದದ್ದು ತಿರುಗಿ ಬರಲ್ಲ, ಇದ್ದದ್ದನ್ನು ಉಳಿಸಿಕೊಳ್ಳೋದು ಅಷ್ಟೇ ಅಂದಿದ್ದಾರೆ ಡಾಕ್ಟರು. ‘ಆಕಿ ಪ್ರವಾಸ ಮುಗಿಸಿ ಬರೂತನಕ ಹೇಳಬ್ಯಾಡ’ ಅಂತ ಅಪ್ಪ ಮನೆಯವರಿಗೆಲ್ಲ ಆಣೆ ಹಾಕಿಸಿದ್ದರಂತೆ.

ಎಷ್ಟು ಹೊತ್ತು ಕೂತಿದ್ದೆನೋ. ಪುಟ್ಟಿ ಓಡಿ ಬಂದು ತಲೆ ಮೇಲಿಂದ ಶಾರ್ಕ್ ಹೋಯ್ತಮ್ಮಾ ಅಂದಳು. ಗಾಜಿನ ಸುರಂಗ ಇದೆಯಂತೆ ಒಳಗೆ.

ಮುಂದಿನ ದಾರಿ ಹೇಗಿತ್ತು ಅಂತ ಕೇಳಿದರೆ ಹೇಳೋಕೆ ಜಾಸ್ತಿ ಏನಿಲ್ಲ. ಫೆಟ್‌ಕಸೇಮ್ ರಸ್ತೆ, ಬ್ಯಾಂಕಾಕಿನಿಂದ ಮಲೇಷ್ಯಾ ಗಡಿಯವರೆಗೆ 1,200 ಕಿಲೋಮೀಟರಿಗೂ ಜಾಸ್ತಿ ಉದ್ದದ್ದು, ಚೊಕ್ಕವಾಗಿದೆ. ನಮ್ಮ ಹಾಗೇ ಎಡಗಡೆ ಓಡಿಸೋದು. ಅನಾನಸಿನ ಹೊಲ ಮುಗಿದರೆ ತೆಂಗಿನ ತೋಟ. ಥಪ್ ಸಕೆ ದಾಟುವಾಗ ಇವರು, ಹೊನ್ನಾವರ ದಾಟಿದ ಹಾಗೇ ಇದೆಯಲ್ಲೇ ಅಂದರು. ಕುಮಟೆಯವರಿಗೆ ತೆಂಗು ಕಂಡರೆ ಊರು ನೆನಪಾಗಲೇಬೇಕು. ಬಾನ್ ಕ್ರುಟ್‌ನಲ್ಲಿ ಊಟ. ನಮ್ಮಂಥ ಸಸ್ಯಾಹಾರಿಗಳಿಗೆ ಒಂದು ಮಾತು: ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರುವ ಅಂಗಡಿ ಹುಡುಕಿ, ‘ಜೇ’ ಅನ್ನಿ. ಮೀನಿನ ಸಾಸು, ಮೊಟ್ಟೆ ಏನೂ ಹಾಕಲ್ಲ. ಬೆಳ್ಳುಳ್ಳಿ ಕೂಡ ಇರಲ್ಲ, ಅತ್ತೆಯನ್ನೂ ಧೈರ್ಯವಾಗಿ ಕರೆದುಕೊಂಡು ಬರಬಹುದು.

ಇವರಿಗೆ ಕಾರಿನಲ್ಲೇ ಎಲ್ಲ ಹೇಳಿದೆ. ಇವರು ರಸ್ತೆ ನೋಡುತ್ತಲೇ ಕೇಳಿದರು. ಪ್ರವಾಸ ನಿಲ್ಲಿಸಿ ವಾಪಸ್ ಹೋಗೋಣವಾ ಅಂದರು. ನಾನು ಬೇಡ ಅಂದೆ. ಅಪ್ಪನಿಗೆ ಗೊತ್ತಾದರೆ ಬಹಳ ನೊಂದುಕೊಳ್ಳುತ್ತಾರೆ. ನಾಳೆ ರನೋಂಗ್, ಆಮೇಲೆ ಪಶ್ಚಿಮದ ಕಡಲು. ಎಲ್ಲ ನೋಡಿ ಬಂದು ಒಂದೊಂದಾಗಿ ಹೇಳಬೇಕು ಅವರಿಗೆ.

ಸಂಜೆ ಇಲ್ಲಿಯ ಸೈರೀ ಬೀಚಿಗೆ ಹೋದೆವು. ಅಲ್ಲಿ ಒಂದು ಯುದ್ಧನೌಕೆಯನ್ನು ನೆಲದ ಮೇಲೆ ನಿಲ್ಲಿಸಿದ್ದಾರೆ. ಪಕ್ಕದಲ್ಲಿ ರಾಜಕುಮಾರ ಅಭಾಕರನ ಗುಡಿ. ಥಾಯ್ ನೌಕಾಪಡೆಯನ್ನು ಕಟ್ಟಿದವನು, 1923ರಲ್ಲಿ ಇದೇ ದಂಡೆಯಲ್ಲಿ ತೀರಿಕೊಂಡವನು. ಹರಕೆ ತೀರಿದವರು ಪಟಾಕಿ ಸರ ಹಚ್ಚುತ್ತಾರೆ. ಪುಟ್ಟಿ ಕಿವಿ ಮುಚ್ಚಿಕೊಂಡು ಕುಣಿದಳು. ಈ ಅಭಾಕರ ರಾಜ ಚುಲಾಲಾಂಗ್‌ಕಾರ್ನ್‌ನ ಮಗ, ಅಂದರೆ ಮೋಂಗ್‌ಕುಟ್‌ನ ಮೊಮ್ಮಗ. ಚುಲಾಲಾಂಗ್‌ಕಾರ್ನ್ ಕೂಡ ಆ ಗ್ರಹಣಕ್ಕೆ ಅಪ್ಪನ ಜೊತೆ ವಾ ಕೋಗೆ ಬಂದಿದ್ದ. ಆಗ ಹದಿನಾಲ್ಕು. ಅಪ್ಪ ಮಗ ಇಬ್ಬರಿಗೂ ಅಲ್ಲಿ ಮಲೇರಿಯಾ ಹತ್ತಿತು. ಮಗ ಬದುಕಿದ. ಅಪ್ಪ ಅಕ್ಟೋಬರ್ 1ರಂದು ಹೋದ. ಆರು ವಾರ ಅಷ್ಟೇ. ಲೆಕ್ಕ ಸರಿಯಾಯಿತು ಅನ್ನೋ ಸಂತೋಷ ಎಷ್ಟು ದಿನ ಸಿಕ್ಕಿತೋ ಆ ಮನುಷ್ಯನಿಗೆ. ಪಟಾಕಿ ಹೊಗೆಯ ಮಧ್ಯೆ ನಾನು ಆ ಹುಡುಗನನ್ನೇ ಯೋಚಿಸ್ತಾ ನಿಂತಿದ್ದೆ. ಹದಿನೈದಕ್ಕೆ ಪಟ್ಟ, ಇನ್ನೂ ಜ್ವರ ಬಿಟ್ಟಿಲ್ಲ, ಅಪ್ಪ ಇಲ್ಲ.

ನಮ್ಮಪ್ಪ ಪೂರ್ಣಗ್ರಹಣ ನೋಡಿದ್ದು ಒಂದೇ ಸಲ. 1980ರ ಫೆಬ್ರವರಿ 16, ಗದಗದಲ್ಲಿ. ಆಗ ಕೆಲಸಕ್ಕೆ ಸೇರಿದ ಹೊಸತು. ಹತ್ತನೇ ಇಯತ್ತೆ ಹುಡುಗರನ್ನು ಕರೆದುಕೊಂಡು ಹೋಗ್ತೀನಿ ಅಂದರೆ ತಂದೆತಾಯಂದಿರು ಜಗಳಕ್ಕೆ ಬಂದರಂತೆ. ಕೊನೆಗೆ ಧೈರ್ಯ ಮಾಡಿದ ಒಂದಿಷ್ಟು ಹುಡುಗರ ಜೊತೆ ಬಸ್ ಹತ್ತಿದರು. ಗದಗದ ಬೀದಿಯಲ್ಲಿ ನರಪಿಳ್ಳೆ ಇಲ್ಲ, ಬಾಗಿಲೆಲ್ಲ ಹಾಕಿವೆ. ಮಧ್ಯಾಹ್ನ ಬೆಳಕು ತೆಳ್ಳಗಾಯಿತು, ಗಾಳಿ ತಣ್ಣಗಾಯಿತು, ಕಾಗೆಗಳು ಗಿಡಕ್ಕೆ ಮರಳಿದವು. ಒಬ್ಬ ಹುಡುಗ ಅಳಲು ಶುರು ಮಾಡಿದ. ಅಪ್ಪ ಅವನನ್ನು ಹೆಗಲಿಗೆ ಆನಿಸಿಕೊಂಡೇ ಮೇಲೆ ನೋಡಿದರು. ಆ ಹುಡುಗ ಈಗ ಮುಧೋಳದಲ್ಲಿ ಗಣಿತದ ಮಾಸ್ತರು.

ಅಲ್ಲಿಂದ ಅಪ್ಪನ ಜೀವನವೆಲ್ಲ ಜನರನ್ನು ಹೊರಗೆ ಕರೆಯೋದೇ ಆಯಿತು. ಪ್ರತಿ ಗ್ರಹಣಕ್ಕೂ ಶಾಲೆಯ ಅಂಗಳದಲ್ಲಿ ಕನ್ನಡಿ, ಬಿಳಿ ಹಾಳೆ. ಸೂರ್ಯನನ್ನು ಬರಿಗಣ್ಣಲ್ಲಿ ನೋಡಬಾರದು ಅಂತ ಎಷ್ಟು ಸಾವಿರ ಮಕ್ಕಳಿಗೆ ಹೇಳಿದ್ದಾರೋ. ತಾವೂ ಒಂದು ದಿನ ಹಾಗೆ ನೋಡಿದವರಲ್ಲ. 2019ರ ಡಿಸೆಂಬರ್ 26ಕ್ಕೆ ಬೆಂಗಳೂರಿಗೆ ಬಂದು ನಮ್ಮ ಟೆರೇಸಿನಲ್ಲಿ ಪುಟ್ಟಿಗೆ ಹೊಂಗೆಮರದ ನೆರಳು ತೋರಿಸಿದರು. ಎಲೆಗಳ ಸಂದಿಯಿಂದ ಬಿದ್ದ ಪ್ರತಿ ಬೆಳಕಿನ ಚುಕ್ಕೆಯೂ ಕುಡುಗೋಲಿನ ಆಕಾರ. ಕೆಳಗಿನ ಮನೆಯವರು ಆವತ್ತು ಒಲೆಯನ್ನೇ ಹಚ್ಚಿರಲಿಲ್ಲ. ಅವರ ಮಗ ಮೆಟ್ಟಿಲ ಮೇಲೆ ಬಂದು ಇಣುಕಿ ನೋಡಿದ. ಅಪ್ಪ ಅವನನ್ನೂ ಕೂಗಿ ಕರೆದರು.

ಅಂಥ ಕಣ್ಣಿಗೇ ಹೀಗಾಗಬೇಕಾ? ನನಗೆ ಸಿಟ್ಟು ಬರ್ತಿದೆ. ಯಾರ ಮೇಲೆ ಅಂತ ಗೊತ್ತಿಲ್ಲ.

ದೀಪಾವಳಿಗೆ ಹೋದಾಗ ಅಪ್ಪ ನೋಟ್‌ಬುಕ್ ತೆಗೆದು ತೋರಿಸಿದ್ದರು. 2027ರ ಆಗಸ್ಟ್ 2. ಈಜಿಪ್ಟಿನ ಲಕ್ಸರ್. ಆರು ನಿಮಿಷಕ್ಕೂ ಜಾಸ್ತಿ, ಆಕಾಶದಲ್ಲಿ ಮೋಡ ಅನ್ನೋದೇ ಇರದ ಊರು. ಭಾರತದಲ್ಲಿ ಪೂರ್ಣಗ್ರಹಣ ನೋಡಬೇಕು ಅಂದ್ರೆ 2034ರ ಮಾರ್ಚ್ 20ರವರೆಗೆ ಕಾಯಬೇಕು, ಅದೂ ಕಾಶ್ಮೀರಕ್ಕೆ ಹೋಗಬೇಕು. ‘ಅಷ್ಟೊತ್ತಿಗೆ ನನಗ ಎಂಬತ್ತು’ ಅಂದಿದ್ದರು. ಪೆನ್ಸಿಲಿನಲ್ಲಿ ನಕ್ಷೆ ಬರೆದಿದ್ದರು. ಗೆರೆ ಸ್ವಲ್ಪ ಓರೆಯಾಗಿತ್ತು. ಈಗ ಅರ್ಥವಾಗ್ತಿದೆ.

ಒಂದೂವರೆ ವರ್ಷ ಇದೆ. ಬಲಗಣ್ಣು ಅಲ್ಲಿಯವರೆಗೆ ನಿಲ್ಲುತ್ತಾ? ಮಧ್ಯದ ನೋಟ ಕೊನೆಯವರೆಗೂ ಉಳಿಯುತ್ತೆ, ಸುತ್ತಲಿನದು ಮೊದಲು ಹೋಗುತ್ತೆ ಅಂತ ವೈನಿ ಹೇಳಿದಳು. ಸೂರ್ಯ ಆಕಾಶದಲ್ಲಿ ಎಷ್ಟು ದೊಡ್ಡದು? ಅರ್ಧ ಡಿಗ್ರಿ. ಅಷ್ಟು ಉಳಿದರೆ ಸಾಕು ಅಲ್ವಾ? ಪೂರ್ಣಗ್ರಹಣದ ಹೊತ್ತಿನಲ್ಲಿ ಬರಿಗಣ್ಣಲ್ಲಿ ನೋಡಬಹುದು, ಆದರೆ ಗ್ಲಾಕೋಮಾ ಇರುವವರು? ಆಗಸ್ಟಿನಲ್ಲಿ ಲಕ್ಸರ್ ಬಿಸಿಲು ಅಂದ್ರೆ ನಲವತ್ತು ದಾಟುತ್ತೆ. ವಿಮಾನದಲ್ಲಿ ಹನಿ ಔಷಧಿ ತಂಪಾಗಿ ಇಡಬೇಕಾ? ವೈನಿಗೆ ಮೆಸೇಜ್ ಹಾಕಿದೀನಿ, ಮಂಗಳವಾರ ಡಾಕ್ಟರ ಹತ್ತಿರ ಹೋದಾಗ ನನ್ನನ್ನೂ ಫೋನಿನಲ್ಲಿ ಸೇರಿಸಿಕೋ ಅಂತ. ಇನ್ನೂ ಕೇಳಬೇಕಾದ್ದು ಇದೆ. ಆಪರೇಷನ್ ಮಾಡಿದರೆ ಎಷ್ಟು ತಿಂಗಳ ಮೇಲೆ ಪ್ರಯಾಣ, ಮತ್ತೆ ಈಗಲೇ ಟಿಕೆಟ್ ತೆಗೆದರೆ ಸರಿಯಾ ಅಂತ.