ಮೈಕ್ರೋಸ್ಕೋಪ್‌ಗಿಂತ ಚಾಕು ದೊಡ್ಡದು

ಮಿದುಳಿನ ಬಣ್ಣಬಣ್ಣದ 3ಡಿ ಚಿತ್ರಗಳು ಸುದ್ದಿಯಲ್ಲಿ ಬಂದಾಗಲೆಲ್ಲ ಎಲ್ಲರೂ ಮೈಕ್ರೋಸ್ಕೋಪನ್ನು ಹೊಗಳುತ್ತಾರೆ, ಈಚೆಗೆ ಎಐಯನ್ನು ಇನ್ನೂ ಜಾಸ್ತಿ ಹೊಗಳುತ್ತಾರೆ. ಹೊಗಳಲಿ, ತಪ್ಪೇನಿಲ್ಲ. ನನಗೆ ಮಾತ್ರ ಅಂಥ ಚಿತ್ರ ನೋಡಿದ ಕೂಡಲೇ ತಲೆಗೆ ಬರುವುದು ಅದನ್ನು ಕತ್ತರಿಸಿದ ಚಾಕು. ಅಂಗಾಂಶವನ್ನು ತೆಳು ಹೋಳು ಮಾಡಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಚಿತ್ರ ತೆಗೆದು, ಮತ್ತೆ ಜೋಡಿಸುವ ಈ ವಿದ್ಯೆಯ ಐವತ್ತು ವರ್ಷಗಳ ಕಥೆಯನ್ನು ಚಾಕುವಿನ ಕಡೆಯಿಂದ ನೋಡಿದರೇ ಸರಿಯಾಗಿ ಅರ್ಥವಾಗುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಕತ್ತರಿಸುವುದು ಯಾಕೆ ಬೇಕು ಅಂತ ಹೇಳಿಬಿಡುತ್ತೇನೆ. ಈ ಮೈಕ್ರೋಸ್ಕೋಪ್ ಬೆಳಕಿನ ಬದಲು ಎಲೆಕ್ಟ್ರಾನ್ ಬಳಸುತ್ತದೆ, ದಪ್ಪ ಅಂಗಾಂಶದೊಳಗೆ ಎಲೆಕ್ಟ್ರಾನ್ ದೂರ ಹೋಗುವುದಿಲ್ಲ. ಹಾಗಾಗಿ ಮಾದರಿಯನ್ನು ಸುಮಾರು 50 ನ್ಯಾನೋಮೀಟರ್ ದಪ್ಪದ ಹೋಳು ಮಾಡಿ ನೋಡಬೇಕು. ನಮ್ಮ ಕೂದಲೊಂದು 80,000 ನ್ಯಾನೋಮೀಟರ್ ಆಸುಪಾಸು ದಪ್ಪ ಇರುತ್ತದೆ, ಲೆಕ್ಕ ನೀವೇ ಹಾಕಿಕೊಳ್ಳಿ. ಇಷ್ಟು ತೆಳುವಾದ ಒಂದೇ ಒಂದು ಹೋಳು ನೋಡಿ ಇಡೀ ಜೀವಕೋಶದ ಆಕಾರ ಹೇಳುವುದಿದೆಯಲ್ಲ, ಅಲ್ಲೇ ಮೋಸ ಹೋಗುವುದು. ನುಗ್ಗೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿ ಒಂದು ಬಿಲ್ಲೆ ಮಾತ್ರ ತೋರಿಸಿದರೆ ಅದು ಉದ್ದನೆಯ ಕಾಯಿ ಅಂತ ಯಾರಿಗೆ ಗೊತ್ತಾಗುತ್ತದೆ? ಶಾಲೆಯ ಪುಸ್ತಕದಲ್ಲಿ ಮೈಟೋಕಾಂಡ್ರಿಯಾ ಮೊಟ್ಟೆಯಾಕಾರದ ಪುಟ್ಟ ಚೀಲ ಅಲ್ವಾ? ಹೋಳು ಮೇಲೆ ಹೋಳು ಜೋಡಿಸಿ ನೋಡಿದರೆ ಎಷ್ಟೋ ಜೀವಕೋಶಗಳಲ್ಲಿ ಅದು ಉದ್ದುದ್ದ ಕೊಳವೆ, ಕೆಲವು ಕಡೆ ಕವಲೊಡೆದ ಜಾಲ. ಬೇರೆ ಬೇರೆ ಅಂದುಕೊಂಡಿದ್ದ ಚೀಲಗಳು ಒಂದೇ ಕೊಳವೆಯ ತುಂಡುಗಳಾಗಿರುತ್ತವೆ.

ಮಿದುಳಿನ ತುಂಡೊಂದನ್ನು ಕತ್ತರಿಸುವ ಹಂತಕ್ಕೆ ತರುವುದೇ ದೊಡ್ಡ ಕೆಲಸ. ಆಲ್ಡಿಹೈಡ್‌ನಲ್ಲಿ ಬಿಗಿ ಮಾಡಬೇಕು (ಅಂದರೆ ಕೊಳೆಯದೆ ಇದ್ದ ಹಾಗೇ ನಿಲ್ಲುವಂತೆ), ಆಸ್ಮಿಯಂ ಟೆಟ್ರಾಕ್ಸೈಡ್‌ನಲ್ಲಿ ನೆನೆಸಬೇಕು. ಆಸ್ಮಿಯಂ ಪೊರೆಗಳ ಕೊಬ್ಬಿಗೆ ಅಂಟಿಕೊಂಡು ತುಂಡು ಇದ್ದಿಲಿನ ಬಣ್ಣಕ್ಕೆ ತಿರುಗುತ್ತದೆ. (ಅದರ ಹಬೆ ಕಣ್ಣಿಗೆ ಬಹಳ ಕೆಟ್ಟದ್ದು, ಫ್ಯೂಮ್ ಹುಡ್ ಇಲ್ಲದೆ ಮುಟ್ಟಲೇಬಾರದು.) ಆಮೇಲೆ ಯುರೇನಿಯಂ, ಸೀಸದ ಲವಣಗಳು, ಆಲ್ಕೋಹಾಲ್, ಕೊನೆಗೆ ರೆಸಿನ್ ಅನ್ನುವ ಪ್ಲಾಸ್ಟಿಕ್‌ನಂಥ ಅಂಟು ತುಂಬಿಸಿ ಒಲೆಯಲ್ಲಿ ಗಟ್ಟಿ ಮಾಡುವುದು.

ಈಗ ಚಾಕು. ತೀರಾ ತೆಳು ಹೋಳು ಮಾಡುವ ಯಂತ್ರವಾದ ಅಲ್ಟ್ರಾಮೈಕ್ರೋಟೋಮ್‌ನಲ್ಲಿ ವಜ್ರದ ಚಾಕುವಿನ ಬೆನ್ನಿಗೇ ಒಂದು ಪುಟ್ಟ ನೀರಿನ ತೊಟ್ಟಿ ಇರುತ್ತದೆ. ರೆಸಿನ್ ತುಂಡು ಮೇಲಿನಿಂದ ಇಳಿದು ಚಾಕುವಿಗೆ ತಾಗಿದಾಗಲೆಲ್ಲ ಒಂದು ಹೋಳು ಎದ್ದು ನೀರಿನ ಮೇಲೆ ತೇಲುತ್ತದೆ. ಮುಂದಿನದು ಅದನ್ನು ತಳ್ಳುತ್ತದೆ, ಹಿಂದೆಯೇ ಇನ್ನೊಂದು. ಅಂಚಿಗೆ ಅಂಚು ಅಂಟಿ ರಿಬ್ಬನ್ ಆಗುತ್ತದೆ. ದಪ್ಪ ಎಷ್ಟಿದೆ ಅಂತ ಬಣ್ಣವೇ ಹೇಳುತ್ತದೆ. ಚಿನ್ನದ ಬಣ್ಣ ಹೊಳೆದರೆ ದಪ್ಪ ಜಾಸ್ತಿಯಾಯಿತು, ಬೆಳ್ಳಿಯಾದರೆ ಪರವಾಗಿಲ್ಲ, ಬೂದು ಬಣ್ಣಕ್ಕೆ ಬಂದರೆ 60 ನ್ಯಾನೋಮೀಟರ್‌ಗಿಂತ ತೆಳು. ಎದುರಿಗೆ ಕೂತವರು ಜೋರಾಗಿ ಉಸಿರು ಬಿಟ್ಟರೂ ರಿಬ್ಬನ್ ಚದುರುತ್ತದೆ. ನನ್ನ ಮಟ್ಟಿಗೆ ಇಡೀ ಲ್ಯಾಬಿನಲ್ಲಿ ಇದಕ್ಕಿಂತ ಚೆಂದದ ದೃಶ್ಯ ಇಲ್ಲ.

ಹೀಗೆ ಕೈಯಿಂದಲೇ ಹೋಳು ಮಾಡಿ ಮೊದಲ ಬಾರಿಗೆ ಒಂದು ಪ್ರಾಣಿಯ ನರಮಂಡಲದ ನಕ್ಷೆ ಮಾಡಿದ್ದು ಕೇಂಬ್ರಿಡ್ಜ್‌ನಲ್ಲಿ. ಸಿಡ್ನಿ ಬ್ರೆನರ್ ತಂಡದ ಸೀ. ಎಲಿಗನ್ಸ್ ಹುಳು, 302 ನರಕೋಶ, ಒಂದು ಮಿಲಿಮೀಟರ್ ಉದ್ದ. ಕತ್ತರಿಸಿದವರು ನಿಕೋಲ್ ಥಾಮ್ಸನ್. ಜಾನ್ ವೈಟ್ ಮತ್ತು ಐಲೀನ್ ಸೌತ್‌ಗೇಟ್ ಫೋಟೋಗಳ ಮೇಲೆ ಒಂದೊಂದು ನರದ ಗುರುತು ಹಿಡಿದು ಮುಂದಿನ ಫೋಟೋಗೆ ಹೋಗುತ್ತಾ ಕೂತರು. ಹತ್ತು ವರ್ಷಕ್ಕೂ ಜಾಸ್ತಿ ಹಿಡಿದ ಕೆಲಸ, ಅಚ್ಚಾಗಿದ್ದು 1986ರಲ್ಲಿ. ಥಾಮ್ಸನ್ ಹೆಸರನ್ನು ಯಾರೂ ಹೇಳುವುದಿಲ್ಲ ಅನ್ನುವುದು ನನ್ನ ಬೇಸರ. ಅವರ ಕೈ ನಡುಗಿದ್ದರೆ ಆ ನಕ್ಷೆಯೇ ಇಲ್ಲ.

ಯಾಕೆಂದರೆ ಇಲ್ಲಿ ಒಂದು ಕಟು ಲೆಕ್ಕ ಇದೆ. ಮೈಕ್ರೋಸ್ಕೋಪ್ ಉದ್ದಗಲಕ್ಕೆ 4 ನ್ಯಾನೋಮೀಟರ್ ಪಿಕ್ಸೆಲ್ ಆರಾಮಾಗಿ ಕೊಡುತ್ತದೆ. ಆಳ ಮಾತ್ರ ಚಾಕು ಕೊಟ್ಟಷ್ಟೇ. ಮಿದುಳಿನಲ್ಲಿ ತೀರಾ ಸಣ್ಣ ಆಕ್ಸಾನ್‌ಗಳು (ನರಕೋಶದ ಸಂದೇಶ ಒಯ್ಯುವ ಎಳೆಗಳು) 50 ನ್ಯಾನೋಮೀಟರ್ ಹತ್ತಿರಕ್ಕೆ ಇಳಿಯುತ್ತವೆ. ಅಂಥದ್ದು ಅಡ್ಡಡ್ಡ ಓಡುತ್ತಿದ್ದು, ಅಲ್ಲೇ ಸಾಲಾಗಿ ಮೂರು ನಾಲ್ಕು ಹೋಳು ಹರಿದುಹೋದರೆ, ಈ ಕಡೆಯ ನರ ಆ ಕಡೆಯ ಯಾವ ನರ ಅಂತ ಹೇಳಲು ದಾರಿಯೇ ಇರುವುದಿಲ್ಲ. ಎಂಥ ಸಾಫ್ಟ್‌ವೇರ್ ತಂದರೂ ಇಲ್ಲದ ಹೋಳನ್ನು ಓದಲು ಆಗಲ್ಲ.

ಮುಂದೆ ಬಂದ ಸುಧಾರಣೆಗಳೆಲ್ಲ ಈ ಕಷ್ಟಕ್ಕೆ ಕೊಟ್ಟ ಉತ್ತರಗಳು. 2004ರಲ್ಲಿ ಹೈಡಲ್‌ಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿನ್‌ಫ್ರೀಡ್ ಡೆಂಕ್ ಮತ್ತು ಹೈಂಜ್ ಹಾರ್ಸ್ಟ್‌ಮನ್ ಚಾಕುವನ್ನೇ ಮೈಕ್ರೋಸ್ಕೋಪಿನ ಒಳಗೆ ಇಟ್ಟರು. ಮೇಲ್ಮೈ ಚಿತ್ರ ತೆಗೆ, ಒಂದು ಪದರ ಹೆರೆದು ಬಿಸಾಕು, ಮತ್ತೆ ಚಿತ್ರ ತೆಗೆ. ಹೋಳು ಎತ್ತುವ ರಗಳೆ ಇಲ್ಲ, ಚಿತ್ರಗಳು ತಾವೇ ಸರಿಯಾಗಿ ಕೂರುತ್ತವೆ. ಆದರೆ ಹೆರೆದಿದ್ದು ಹೋಯಿತು, ಮತ್ತೆ ನೋಡಬೇಕೆಂದರೆ ಸಿಗುವುದಿಲ್ಲ. ಹಾರ್ವರ್ಡ್‌ನಲ್ಲಿ ಜೆಫ್ ಲಿಕ್ಟ್‌ಮನ್ ಮತ್ತು ಕೆನ್ ಹೇವರ್ತ್ ಉಲ್ಟಾ ಹಾದಿ ಹಿಡಿದರು: ತೇಲುವ ಹೋಳುಗಳನ್ನು ಉದ್ದನೆಯ ಟೇಪಿನ ಮೇಲೆ ತಾನಾಗಿಯೇ ಎತ್ತಿಕೊಳ್ಳುವ ಯಂತ್ರ.

ಮೂರನೆಯವರು ಚಾಕುವನ್ನೇ ಬಿಟ್ಟರು. ಗ್ಯಾಲಿಯಂ ಅಯಾನುಗಳ ಕಿರಣದಿಂದ 8 ನ್ಯಾನೋಮೀಟರ್, 4 ನ್ಯಾನೋಮೀಟರ್ ಪದರ ಸವೆಸುತ್ತಾ ಹೋಗುವುದು. ಆಳದಲ್ಲೂ ಉದ್ದಗಲದಷ್ಟೇ ಸ್ಪಷ್ಟ. ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದಲ್ಲಿ ಹೆರಾಲ್ಡ್ ಹೆಸ್, ಶಾನ್ ಶೂ ಈ ಯಂತ್ರ ತಿಂಗಳುಗಟ್ಟಲೆ ನಿಲ್ಲದೆ ಓಡುವ ಹಾಗೆ ಮಾಡಿದರು. ಆದರೆ ದೊಡ್ಡ ತುಂಡಿಗೆ ಅದು ಸಾಲುವುದಿಲ್ಲ. ಹಾಗಾಗಿ 2020ರಲ್ಲಿ ಹೊರಬಂದ ನೊಣದ ಅರ್ಧ ಮಿದುಳಿನ ನಕ್ಷೆಗೆ ಮತ್ತೆ ಚಾಕು ಬೇಕಾಯಿತು. ಬಿಸಿ ಮಾಡಿದ ವಜ್ರದ ಚಾಕುವಿನಿಂದ 20 ಮೈಕ್ರೋಮೀಟರ್ ದಪ್ಪದ ಹಲಗೆಗಳಾಗಿ ಸೀಳಿ, ಒಂದೊಂದನ್ನೂ ಕಿರಣಕ್ಕೆ ಕೊಟ್ಟು, ಆಮೇಲೆ ಕಂಪ್ಯೂಟರಿನಲ್ಲಿ ಹೊಲಿದರು. ಸೀಳಿದ ಕಡೆ ಏನೂ ಕಳೆದುಹೋಗಿಲ್ಲ ಅನ್ನುವಷ್ಟು ನಯವಾದ ಕಡಿತ. ಇದನ್ನು ಓದಿದಾಗ ನನಗೆ ನಿಜವಾಗಿ ಖುಷಿಯಾಗಿತ್ತು.

2025ರ ಏಪ್ರಿಲ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಇಲಿಯ ಮಿದುಳಿನ ಒಂದು ಘನ ಮಿಲಿಮೀಟರ್ ನಕ್ಷೆ ಎಲ್ಲರಿಗೂ ನೆನಪಿರಬಹುದು. 2 ಲಕ್ಷ ಜೀವಕೋಶ, 50 ಕೋಟಿಗೂ ಜಾಸ್ತಿ ಸಿನಾಪ್ಸ್, ಅಂದರೆ ನರಕೋಶಗಳ ನಡುವಿನ ಕೊಂಡಿಗಳು. ಅದರ ಹಿಂದೆ ಸಿಯಾಟಲ್‌ನ ಆಲನ್ ಸಂಸ್ಥೆಯಲ್ಲಿ 12 ದಿನ ಹಗಲು ರಾತ್ರಿ ನಡೆದ ಕತ್ತರಿಸುವ ಕೆಲಸ ಇದೆ. 25,000ಕ್ಕೂ ಹೆಚ್ಚು ಹೋಳು, ಪಾಳಿಯ ಮೇಲೆ ಜನ ಯಂತ್ರದ ಪಕ್ಕ ಕೂತು ಕಾದರು. ಸುದ್ದಿಯಲ್ಲಿ ಇದಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು.

ಕತ್ತರಿಸಿದ್ದು ಚೆನ್ನಾಗಿದ್ದರೂ ಎಐ ಒಂದೊಂದು ನರಕ್ಕೆ ಒಂದೊಂದು ಬಣ್ಣ ಹಚ್ಚಿ ಗುರುತಿಸುವಾಗ ಎರಡು ನರಗಳನ್ನು ಒಂದು ಮಾಡುತ್ತದೆ, ಒಂದನ್ನು ಎರಡು ಮಾಡುತ್ತದೆ. ಅದನ್ನು ಮನುಷ್ಯರೇ ತಿದ್ದಬೇಕು. 2024ರಲ್ಲಿ ಮುಗಿದ ಇಡೀ ನೊಣದ ಮಿದುಳಿನ ಫ್ಲೈವೈರ್ ನಕ್ಷೆಯಲ್ಲಿ 1,39,255 ನರಕೋಶಗಳಿವೆ. ಅದನ್ನು ತಿದ್ದಲು ಒಬ್ಬರೇ ಕೂತಿದ್ದರೆ ಸುಮಾರು 33 ವರ್ಷ ಬೇಕಾಗುತ್ತಿತ್ತು. ನೂರಾರು ಜನ ಹಂಚಿಕೊಂಡು ಮಾಡಿದರು.

ಇನ್ನೊಂದು ವಿಷಯ, ಇದನ್ನು ಹೇಳದೆ ಬಿಟ್ಟರೆ ಸರಿಯಾಗಲ್ಲ. ಇದೆಲ್ಲ ಸತ್ತ ಅಂಗಾಂಶದ ಚಿತ್ರ. ಜೀವಂತ ಮಿದುಳಿನಲ್ಲಿ ಜೀವಕೋಶಗಳ ನಡುವಿನ ದ್ರವದ ಜಾಗ ಸುಮಾರು ಐದನೇ ಒಂದು ಭಾಗ. ಸಾಮಾನ್ಯ ರಾಸಾಯನಿಕ ವಿಧಾನದಲ್ಲಿ ಬಿಗಿ ಮಾಡಿದಾಗ ಅದು ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಚಿತ್ರದಲ್ಲಿ ನರಗಳು ಒಂದಕ್ಕೊಂದು ಒತ್ತಿ ಕೂತ ಹಾಗೆ ಕಾಣುವುದು ಬಹಳ ಮಟ್ಟಿಗೆ ಇದರಿಂದ. ಯಾರು ಯಾರಿಗೆ ಜೋಡಿಸಿಕೊಂಡಿದ್ದಾರೆ ಅನ್ನುವುದಕ್ಕೆ ಈ ಚಿತ್ರ ಸಾಕ್ಷಿ, ಏನು ಮಾತಾಡಿದರು ಅನ್ನುವುದಕ್ಕೆ ಅಲ್ಲ. ಇಲಿಯ ನಕ್ಷೆಯವರು ಅದಕ್ಕೇ ಇಲಿ ಬದುಕಿದ್ದಾಗಲೇ ಅದಕ್ಕೆ ವಿಡಿಯೋ ತೋರಿಸಿ, ಯಾವ ನರ ಯಾವಾಗ ಮಿಡಿಯಿತು ಅಂತ ಮೊದಲು ದಾಖಲಿಸಿಕೊಂಡಿದ್ದರು.

ಈ ನಕ್ಷೆಗಳೆಲ್ಲ ಉಚಿತ, ಬ್ರೌಸರಿನಲ್ಲೇ ತೆರೆಯುತ್ತವೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ ನೊಣಕ್ಕೆ ವಾಸನೆ ಹೇಗೆ ಗೊತ್ತಾಗುತ್ತದೆ ಅಂತ ದಶಕಗಳ ಕಾಲ ಹುಡುಕಿದವರು. ಆ ವಾಸನೆಯ ನರಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಅಂತ ಈಗ ಯಾವ ಊರಿನ ವಿದ್ಯಾರ್ಥಿಯಾದರೂ ಫ್ಲೈವೈರ್‌ನಲ್ಲಿ ಬೆರಳಿಟ್ಟು ನೋಡಬಹುದು. ನೋಡುವಾಗ ಬಣ್ಣಗಳನ್ನು ಆಫ್ ಮಾಡಿ, ಬೂದು ಬಣ್ಣದ ಮೂಲ ಚಿತ್ರವನ್ನೂ ಒಂದಿಷ್ಟು ಹೊತ್ತು ಮೇಲೆ ಕೆಳಗೆ ಸರಿಸಿ ನೋಡಿ. ಎಲ್ಲಾದರೂ ಚಿತ್ರ ತಟ್ಟನೆ ಜಿಗಿದರೆ, ಅಲ್ಲೊಂದು ಹೋಳು ಇಲ್ಲದಿರಬಹುದು.