ಪೈಥಾನ್‌ಗೆ ಕಾಣುವ ಕನ್ನಡ

ನಾನು ಕರಡು ತಿದ್ದುವ ಕೆಲಸದವಳು. ಬೇರೆಯವರು ಟೈಪು ಮಾಡಿದ ಪುಸ್ತಕಗಳು ಅಚ್ಚಿಗೆ ಹೋಗುವ ಮುನ್ನ ನನ್ನ ಕೈಗೆ ಬರುತ್ತವೆ. ಅಲ್ಪವಿರಾಮದ ಹಿಂದೆ ಬಿಟ್ಟ ಜಾಗ, ಪದಗಳ ನಡುವೆ ಎರಡೆರಡು ಜಾಗ, ವಿಸರ್ಗ ಇರಬೇಕಾದಲ್ಲಿ ಕೋಲನ್, ಸೊನ್ನೆ ಇರಬೇಕಾದಲ್ಲಿ ಅನುಸ್ವಾರ. ಪುಸ್ತಕ ಯಾವುದೇ ಇರಲಿ, ಇವು ಇದ್ದೇ ಇರುತ್ತವೆ. ಇವನ್ನು ಹುಡುಕುವುದರಲ್ಲೇ ಕಣ್ಣು ಸೋತುಹೋದರೆ ವಾಕ್ಯ ಸರಿಯಿದೆಯೇ, ಮಾತು ಕೂಡುತ್ತದೆಯೇ ಎಂದು ನೋಡುವವರು ಯಾರು? ಅದಕ್ಕಾಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತೆ. ಕಲಿಯುವವರಿಗೆ ನಾನು ಹೇಳುವುದು ಒಂದೇ: ಪಠ್ಯದ ಪಾಠಗಳನ್ನು ಇಂಗ್ಲಿಷ್ ಉದಾಹರಣೆಗಳಲ್ಲಿ ಮುಗಿಸಬೇಡಿ, ಕನ್ನಡದ ಒಂದು ಪುಟವನ್ನೇ ಮುಂದಿಟ್ಟುಕೊಂಡು ಕಲಿಯಿರಿ. ಕಂಪ್ಯೂಟರ್ ಅಕ್ಷರವನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಇಂಗ್ಲಿಷಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕನ್ನಡದಲ್ಲಿ ಮೊದಲ ಪದಕ್ಕೇ ಬಿದ್ದುಬಿಡುತ್ತದೆ.

ಆರಂಭದ ಪಾಠಗಳು ಬೇಗ ಮುಗಿಯುತ್ತವೆ. ಉದ್ಧರಣ ಚಿಹ್ನೆಗಳ ನಡುವೆ ಇಟ್ಟದ್ದೆಲ್ಲ ಸ್ಟ್ರಿಂಗ್. ಒಮ್ಮೆ ಹುಟ್ಟಿದ ಸ್ಟ್ರಿಂಗ್ ಬದಲಾಗುವುದಿಲ್ಲ. ರಿಪ್ಲೇಸ್ ಹಳೆಯದನ್ನು ಮುಟ್ಟದೆ ತಿದ್ದಿದ ಹೊಸದೊಂದನ್ನು ಕೊಡುತ್ತದೆ, ಅದಕ್ಕೊಂದು ಹೆಸರು ಕೊಟ್ಟು ಇಟ್ಟುಕೊಳ್ಳುವುದು ನಮ್ಮ ಕೆಲಸ. ಸ್ಟ್ರಿಪ್ ಎರಡೂ ತುದಿಯ ಖಾಲಿ ಜಾಗವನ್ನು ತೆಗೆಯುತ್ತದೆ, ಸ್ಪ್ಲಿಟ್ ಒಡೆಯುತ್ತದೆ, ಜಾಯಿನ್ ಕೂಡಿಸುತ್ತದೆ. ಸ್ಪ್ಲಿಟ್‌ಗೆ ಏನನ್ನೂ ಕೊಡದೆ ಕರೆದರೆ ಖಾಲಿ ಜಾಗ ಒಂದಿರಲಿ ನಾಲ್ಕಿರಲಿ, ಟ್ಯಾಬ್ ಇರಲಿ, ಎಲ್ಲವನ್ನೂ ದಾಟಿ ಪದಗಳನ್ನಷ್ಟೇ ಆಯ್ದು ಕೊಡುತ್ತದೆ. ಆ ಪದಗಳನ್ನು ಒಂದೊಂದೇ ಜಾಗ ಬಿಟ್ಟು ಮತ್ತೆ ಜಾಯಿನ್ ಮಾಡಿದರೆ ಪುಸ್ತಕದುದ್ದಕ್ಕೂ ಎರಡೆರಡು ಜಾಗಗಳು ಇಲ್ಲವಾಗುತ್ತವೆ. ಇಡೀ ಫೈಲಿಗೆ ಒಮ್ಮೆಲೇ ಹಾಗೆ ಮಾಡಿದರೆ ಪ್ಯಾರಾಗಳೂ ಒಂದಾಗಿಬಿಡುತ್ತವೆ, ಆದ್ದರಿಂದ ಸಾಲು ಸಾಲಾಗಿ ಮಾಡಬೇಕು.

ಇನ್ನು ಮುಖ್ಯ ವಿಷಯ. ಸ್ಟ್ರಿಂಗ್‌ನ ಉದ್ದ ಹೇಳುವ ಲೆನ್ ಎಂಬ ಫಂಕ್ಷನ್‌ಗೆ ‘ಕನ್ನಡ’ ಎಂಬ ಪದ ಕೊಟ್ಟು ನೋಡಿ. ಕಣ್ಣಿಗೆ ಕಾಣುವುದು ಮೂರು ಅಕ್ಷರ, ಉತ್ತರ 5. ‘ಸ್ತ್ರೀ’ ಕೊಡಿ. ಒಂದೇ ಅಕ್ಷರ, ಉತ್ತರ 6. ಪೈಥಾನ್ ತಪ್ಪು ಹೇಳುತ್ತಿಲ್ಲ. ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪಟ್ಟಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳನ್ನು ಮೀಸಲಿಟ್ಟಿದೆ. ಅದರಲ್ಲಿ ‘ಕ’ ಇದೆ, 3221ನೆಯದು. ‘ನ್ನ’ ಇಲ್ಲ. ಒತ್ತಕ್ಷರ ಯಾವುದೂ ಇಲ್ಲ. ‘ನ’, ಅದರ ಮೇಲೆ 3277ನೆಯ ಹಲಂತ ಚಿಹ್ನೆ, ಆಮೇಲೆ ಇನ್ನೊಂದು ‘ನ’, ಈ ಮೂರನ್ನು ಬೆಸೆದು ಒತ್ತಾಗಿ ತೋರಿಸುವುದು ಫಾಂಟ್. ಸ್ಟ್ರಿಂಗ್‌ನ ಒಳಗೆ ಅವು ಬಿಡಿಬಿಡಿಯಾಗಿಯೇ ಇರುತ್ತವೆ. ಆರ್ಡ್ ಎಂಬ ಫಂಕ್ಷನ್‌ಗೆ ಒಂದೊಂದನ್ನೇ ಕೊಟ್ಟು ಅವುಗಳ ಸಂಖ್ಯೆ ಕೇಳಿ ನೋಡಬಹುದು. ನನ್ನ ಮಟ್ಟಿಗೆ ಪೈಥಾನ್‌ನಲ್ಲಿ ಕಲಿತ ಅತ್ಯಂತ ಉಪಯುಕ್ತ ಫಂಕ್ಷನ್ ಇದು. ಎರಡು ಪದಗಳು ನೋಡಲು ಒಂದೇ ಆಗಿದ್ದು ಪ್ರೋಗ್ರಾಂ ಅವು ಬೇರೆ ಎಂದಾಗಲೆಲ್ಲ ಉತ್ತರ ಸಿಗುವುದು ಇಲ್ಲೇ.

ಸ್ಟ್ರಿಂಗನ್ನು ತಿರುಗಿಸಿ ಬರೆಯುವ ಅಭ್ಯಾಸ ಎಲ್ಲ ಪಾಠಗಳಲ್ಲೂ ಬರುತ್ತದೆ. ‘ಕನ್ನಡ’ವನ್ನು ತಿರುಗಿಸಿದರೆ ‘ಡನ್ನಕ’ ಎಂದು ಸೊಗಸಾಗಿ ಬರುತ್ತದೆ. ಹಲಂತ ಎರಡು ‘ನ’ಗಳ ನಡುವೆ ಕೂತಿರುವುದರಿಂದ ಯಾವ ಕಡೆಯಿಂದ ಓದಿದರೂ ಒಂದೇ, ಅಷ್ಟೆ. ‘ಮಾತು’ ಎಂಬುದನ್ನು ತಿರುಗಿಸಿ. ಕೊಂಬು ಆಸರೆಯಿಲ್ಲದೆ ಮುಂದೆ ಬಂದು ನಿಲ್ಲುತ್ತದೆ, ‘ಮ’ಕಾರದ ದೀರ್ಘ ಹೋಗಿ ‘ತ’ಕ್ಕೆ ಅಂಟಿಕೊಳ್ಳುತ್ತದೆ. ಹೇಳಿಕೊಡುವವರು ಈ ಎರಡೂ ಪದಗಳನ್ನು ಜೊತೆಜೊತೆಗೆ ತೋರಿಸಬೇಕು ಎಂದು ನನಗನ್ನಿಸುತ್ತದೆ. ಸರಿಯಾಗಿ ಬಂದ ಉತ್ತರವೂ ಕೆಲವೊಮ್ಮೆ ಆಕಸ್ಮಿಕ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಫೈಲಿಗೆ ಬಂದರೆ ಇನ್ನೊಂದು ಪದರ. ಈ ಸಂಖ್ಯೆಗಳನ್ನು ಡಿಸ್ಕಿನಲ್ಲಿ ಬೈಟ್‌ಗಳಾಗಿ ಬರೆಯಬೇಕು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಅಂದರೆ ‘ಕನ್ನಡ’ಕ್ಕೆ 15. ಪೈಥಾನ್ 2ರ ಕಾಲದಲ್ಲಿ ಸಾಮಾನ್ಯ ಸ್ಟ್ರಿಂಗ್ ಎಂದರೆ ಈ ಬೈಟ್‌ಗಳ ಸಾಲೇ ಆಗಿತ್ತು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಸ್ಟ್ರಿಂಗನ್ನು ಯೂನಿಕೋಡ್ ಮಾಡಿತು. ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಆದರೂ ಫೈಲು ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ನಾವೇ ಬರೆದುಬಿಡುವುದು ಒಳ್ಳೆಯದು. ಹಲವು ವಿಂಡೋಸ್ ಯಂತ್ರಗಳಲ್ಲಿ ಹೇಳದೇ ಬಿಟ್ಟರೆ ಪೈಥಾನ್ 1252ನೆಯ ಕೋಡ್ ಪುಟವನ್ನು, ಅಂದರೆ ಒಂದು ಬೈಟಿಗೆ ಒಂದು ಅಕ್ಷರದಂತೆ ಓದುವ ಹಳೆಯ ಪಟ್ಟಿಯನ್ನು, ಹಿಡಿಯುತ್ತದೆ. ಹಲಂತದ ಮೂರನೆಯ ಬೈಟು 141, ಕೊಂಬಿನದು 129. ಆ ಪುಟದಲ್ಲಿ ಇವೆರಡಕ್ಕೂ ಅರ್ಥವೇ ಇಲ್ಲ. ಹಾಗಾಗಿ ಮೊದಲ ಒತ್ತಕ್ಷರವೋ ಮೊದಲ ಕೊಂಬೋ ಬಂದ ಜಾಗದಲ್ಲಿ ಓದು ನಿಂತು ದೋಷ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಕೊಡುವುದು ಕಣ್ಣಿಗೆ ಕಾಣದ ವ್ಯತ್ಯಾಸಗಳು. ‘ಕೋಟೆ’ಯ ಓತ್ವ ದೀರ್ಘವನ್ನು 3275 ಎಂಬ ಒಂದೇ ಸಂಕೇತವಾಗಿಯೂ ಬರೆಯಬಹುದು, 3270, 3266, 3285 ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಸಮವೇ ಎಂದು ಪೈಥಾನನ್ನು ಕೇಳಿದರೆ ಅಲ್ಲ ಎನ್ನುತ್ತದೆ. ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲ್‌ನ ನಾರ್ಮಲೈಸ್ ಫಂಕ್ಷನ್ ತುಂಡುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುತ್ತದೆ. ಫೈಲು ಓದಿದ ಕೂಡಲೇ, ಬೇರೆ ಯಾವ ಕೆಲಸಕ್ಕೂ ಮೊದಲು, ಇದನ್ನು ಮಾಡಿಬಿಡಬೇಕು.

ಇನ್ನೊಂದು, ಅಗಲವೇ ಇಲ್ಲದ ಬೇರ್ಪಡಕ, 8204ನೆಯ ಸಂಕೇತ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ವ’ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಅದೇ. ತೊಂದರೆ ಏನೆಂದರೆ ಕೆಲವರ ಕೀಲಿಮಣೆ ಬಳಕೆಯಿಂದ ಅದು ಪದದ ಕೊನೆಯಲ್ಲೂ ಬಂದು ಕೂರುತ್ತದೆ. ‘ಬಸ್’ ಎಂಬ ಪದ ಪದಸೂಚಿಯಲ್ಲಿ ಎರಡು ಸಲ ಬರುತ್ತದೆ, ಎರಡೂ ನೋಡಲು ಒಂದೇ. ಇದನ್ನು ಖಾಲಿ ಜಾಗವೆಂದು ಎಣಿಸದ ಕಾರಣ ಸ್ಟ್ರಿಪ್ ಮುಟ್ಟುವುದಿಲ್ಲ. ಬೇರ್ಪಡಕಗಳನ್ನೆಲ್ಲ ಒಮ್ಮೆಗೇ ಅಳಿಸಿಹಾಕಿ ಎಂಬ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ, ಸಾಫ್ಟ್‌ವೇರ್‌ನಂಥ ಪದಗಳೆಲ್ಲ ಕೆಡುತ್ತವೆ. ಮುಂದೆ ಕನ್ನಡದ ವ್ಯಂಜನ ಇಲ್ಲದಿದ್ದರೆ ಮಾತ್ರ ತೆಗೆ ಎಂದು, ಪಠ್ಯದಲ್ಲಿ ಹುಡುಕುವ ನಮೂನೆಗಳನ್ನು ಬರೆಯುವ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ಒಂದೇ ಸಾಲಿನಲ್ಲಿ ಬರೆಯಬಹುದು. ಮುಂದಿನದನ್ನು ನುಂಗದೆ ಇಣುಕಿ ನೋಡುವ ಈ ಸೌಲಭ್ಯ ಕಲಿತ ದಿನ ನನಗೆ ಬಹಳ ಸಂತೋಷವಾಗಿತ್ತು.

ರೆಗ್ಯುಲರ್ ಎಕ್ಸ್‌ಪ್ರೆಷನ್‌ನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಪದಗಳನ್ನು ಆಯಲು ಎಲ್ಲ ಪಾಠಗಳೂ ಹೇಳಿಕೊಡುವ, ಹಿಂಗೀರಿನ (ಬ್ಯಾಕ್‌ಸ್ಲ್ಯಾಶ್) ಮುಂದೆ ಡಬ್ಲ್ಯೂ ಬರೆಯುವ ಗುರುತು ಪೈಥಾನ್ ಜೊತೆಗೇ ಬರುವ ಮಾಡ್ಯೂಲ್‌ನಲ್ಲಿ ಕನ್ನಡಕ್ಕೆ ಆಗುವುದಿಲ್ಲ. ಅದು ಹಲಂತವನ್ನೂ ಕಾಗುಣಿತದ ಚಿಹ್ನೆಗಳನ್ನೂ ಅಕ್ಷರವೆಂದು ಒಪ್ಪುವುದಿಲ್ಲ. ‘ಕನ್ನಡ’ ಕೊಟ್ಟರೆ ‘ಕನ’, ‘ನಡ’ ಎಂದು ಎರಡು ಪದ ಕೈಗೆ ಬರುತ್ತವೆ. ಅದರ ಬದಲು 3200ರಿಂದ 3327ರವರೆಗಿನ ವ್ಯಾಪ್ತಿಯನ್ನೂ ಬೇರ್ಪಡಕವನ್ನೂ ಸೇರಿಸಿ ನಮ್ಮದೇ ಗುಂಪು ಮಾಡಿಕೊಳ್ಳಬೇಕು. ಪದ್ಯಗಳಲ್ಲಿ ಬರುವ ದಂಡ ಈ ವ್ಯಾಪ್ತಿಯಲ್ಲಿಲ್ಲ ಎಂಬುದೂ ನೆನಪಿರಲಿ. ಅದು ದೇವನಾಗರಿಯ ಪಟ್ಟಿಯಲ್ಲಿರುವ 2404, ಭಾರತದ ಹಲವು ಲಿಪಿಗಳಿಗೂ ಅದೇ.

ಅಂಕಿಗಳ ವಿಷಯದಲ್ಲಿ ಮಾತ್ರ ಪೈಥಾನ್ ಬಹಳ ಉದಾರಿ. ‘೧೯೫೬’ ಎಂಬ ಸ್ಟ್ರಿಂಗನ್ನು ಸಂಖ್ಯೆಯಾಗಿಸು ಎಂದರೆ ಯಾವ ತಕರಾರೂ ಇಲ್ಲದೆ 1956 ಕೊಡುತ್ತದೆ. ‘೧೦’ ಎಂಬುದನ್ನು ಸೊನ್ನೆಯ ಬದಲು ಅನುಸ್ವಾರ ಹಾಕಿ ‘೧ಂ’ ಎಂದು ಟೈಪು ಮಾಡಿದ್ದರೆ ಒಪ್ಪುವುದಿಲ್ಲ. ನನಗೆ ಬೇಕಾದದ್ದೂ ಅದೇ. ಅಂಕಿಯ ಬೆನ್ನಿಗೇ ಬಂದ ಅನುಸ್ವಾರ ಸೊನ್ನೆ, ಅಕ್ಷರದ ಬೆನ್ನಿಗೇ ಬಂದ ಸೊನ್ನೆ ಅನುಸ್ವಾರ. ಈ ಎರಡು ನಿಯಮಗಳನ್ನು ಕಣ್ಣು ಮುಚ್ಚಿ ಯಂತ್ರಕ್ಕೆ ಒಪ್ಪಿಸಬಹುದು. ವಿಸರ್ಗವನ್ನು ಒಪ್ಪಿಸಲಾಗದು. ‘ದು:ಖ’ದಲ್ಲಿ ಕೋಲನ್ ತಪ್ಪು, ಆದರೆ ‘ಊರು:ಹೆಸರು’ ಎಂದು ಜಾಗ ಬಿಡದೆ ಬರೆದಲ್ಲಿ ಅದು ಕೋಲನ್ನೇ. ಹೀಗಾಗಿ ನನ್ನ ಪ್ರೋಗ್ರಾಂ ಅಂಥ ಕಡೆ ತಿದ್ದುವುದಿಲ್ಲ. ಸಾಲಿನ ಸಂಖ್ಯೆ ಬರೆದು, ಹಿಂದೆ ಮುಂದೆ ಕೆಲವು ಅಕ್ಷರ ಸೇರಿಸಿ ಪಟ್ಟಿ ಮಾಡಿ ಕೊಡುತ್ತದೆ. ನಾನು ನೋಡಿ ನಿರ್ಧರಿಸುತ್ತೇನೆ. ಇನ್ನೊಬ್ಬರ ಬರಹವನ್ನು ಅವರ ಕಣ್ಣಿಗೂ ನನ್ನ ಕಣ್ಣಿಗೂ ಬೀಳದಂತೆ ಬದಲಿಸುವ ಪ್ರೋಗ್ರಾಂ ಎಷ್ಟು ಚುರುಕಾಗಿದ್ದರೂ ನನಗೆ ಬೇಡ.

ಪದಸೂಚಿಯನ್ನು ಅಕಾರಾದಿಯಾಗಿ ಜೋಡಿಸುವಾಗಲೂ ಸಂಖ್ಯೆಗಳದೇ ಆಟ. ಸಾರ್ಟೆಡ್ ಎಂಬ ಫಂಕ್ಷನ್ ‘ಬಳೆ, ಬವಣೆ, ಬಹಳ’ ಎಂದು ಕೊಡುತ್ತದೆ. ವರ್ಣಮಾಲೆಯಲ್ಲಿ ‘ಳ’ ಕೊನೆಯದು, ಯೂನಿಕೋಡಿನಲ್ಲಿ ‘ಲ’ದ ಪಕ್ಕದ್ದು. ‘ಹ’ 3257ರಲ್ಲಿದೆ, ಅದರ ಮುಂದಿನ 3258 ಯಾರಿಗೂ ಕೊಡದ ಖಾಲಿ ಸ್ಥಾನ. ಹೋಲಿಸುವಾಗ ಮಾತ್ರ ‘ಳ’ವನ್ನು ಅಲ್ಲಿ ಕೂರಿಸು ಎಂದು ಕೀ ಫಂಕ್ಷನ್ ಬರೆದುಕೊಟ್ಟರೆ ‘ಬಳೆ’ ತನ್ನ ಜಾಗಕ್ಕೆ ಬರುತ್ತದೆ. ಪಠ್ಯದಲ್ಲಿ ಏನೂ ಬದಲಾಗುವುದಿಲ್ಲ.

ಇತ್ತೀಚೆಗೆ ಹಳೆಯ ಕಾವ್ಯವೊಂದರ ಕರಡು ಬಂದಿದೆ, ಭಾಮಿನಿ ಷಟ್ಪದಿಯದು. ಕಣ್ಣಿಗೆ ಕಾಣುವ ಅಕ್ಷರಗಳನ್ನು ಬೇರ್ಪಡಿಸುವ ನಮೂನೆಯನ್ನು ಅದಕ್ಕಾಗಿಯೇ ಬರೆದೆ: ಹಲಂತ ಸಹಿತ ವ್ಯಂಜನಗಳು ಎಷ್ಟಾದರೂ ಬರಬಹುದು, ಆಮೇಲೆ ಒಂದು ವ್ಯಂಜನ, ಆಮೇಲೆ ಇದ್ದರೆ ಒಂದು ಸ್ವರಚಿಹ್ನೆ ಅಥವಾ ಹಲಂತ, ಕೊನೆಗೆ ಇದ್ದರೆ ಅನುಸ್ವಾರ ಅಥವಾ ವಿಸರ್ಗ. ವ್ಯಂಜನದ ಬದಲು ಬಿಡಿ ಸ್ವರವೂ ಇರಬಹುದು. ಈಗ ‘ಕನ್ನಡ’ ಮೂರು, ‘ಸ್ತ್ರೀ’ ಒಂದು. ಅಕ್ಷರ ಕೈಗೆ ಸಿಕ್ಕಿದ ಮೇಲೆ ಮಾತ್ರೆ ದೂರವಿಲ್ಲ. ದೀರ್ಘವಾದರೆ, ಅನುಸ್ವಾರವೋ ವಿಸರ್ಗವೋ ಇದ್ದರೆ, ಮುಂದೆ ಒತ್ತಕ್ಷರವೋ ಬರಿಯ ಹಲಂತವ್ಯಂಜನವೋ ಇದ್ದರೆ ಗುರು, ಎರಡು ಮಾತ್ರೆ. ಉಳಿದದ್ದು ಲಘು, ಒಂದು. ‘ಮಾತು’ ಮೂರು ಮಾತ್ರೆ, ‘ಕನ್ನಡ’ ನಾಲ್ಕು. ಭಾಮಿನಿಯ ಮೊದಲ, ಎರಡನೆಯ, ನಾಲ್ಕನೆಯ, ಐದನೆಯ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕರಂತೆ 14 ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಕೊನೆಯ ಗುರುವೂ ಸೇರಿ 23. ಪ್ರೋಗ್ರಾಂ 13 ಎಂದಿತೋ, ಎಲ್ಲೋ ಒಂದು ದೀರ್ಘ ಬಿಟ್ಟುಹೋಗಿರಬಹುದು. ಮೂಲ ಪ್ರತಿಯಲ್ಲಿ ಆ ಸಾಲನ್ನೇ ತೆಗೆದು ನೋಡುತ್ತೇನೆ.

ಸಾಲನ್ನು ಬಿಡಿಯಾಗಿ ಎಣಿಸಿದರೆ ಸಾಲದು. ಷಟ್ಪದಿಯಲ್ಲಿ ಪದಗಳು ಸಾಲಿನ ಕೊನೆಯಲ್ಲಿ ಮುರಿದು ಮುಂದಿನ ಸಾಲಿಗೆ ಹರಿಯುತ್ತವೆ. ‘ಕ’ ಈ ಸಾಲಿನ ಕೊನೆಗೆ ನಿಂತು ‘ನ್ನಡ’ ಮುಂದಿನ ಸಾಲಿನ ಮೊದಲಿಗೆ ಬಂದರೆ ಆ ‘ಕ’ ಗುರು. ಆದ್ದರಿಂದ ಆರೂ ಸಾಲುಗಳನ್ನು ಒಂದಾಗಿ ಓದಿ, ಅಕ್ಷರಗಳಿಗೆ ಗುರು ಲಘು ಹಾಕಿ, ಆಮೇಲೆ ಸಾಲುಗಳಾಗಿ ಒಡೆಯುತ್ತೇನೆ. ಒತ್ತಕ್ಷರವನ್ನು ತೇಲಿಸಿ ಉಚ್ಚರಿಸುವ ಶಿಥಿಲದ್ವಿತ್ವ ಬಂದಲ್ಲಿ ಈ ನಿಯಮ ಸೋಲುತ್ತದೆ, ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಅಂಥ ಸಾಲುಗಳು 15 ಎಂದು ಬರುತ್ತವೆ. ಅವನ್ನು ಬೇರೆ ಫೈಲಿಗೆ ಬರೆಸಿ, ಗಟ್ಟಿಯಾಗಿ ಓದಿ, ಶಿಥಿಲವೋ ಟೈಪಿನ ದೋಷವೋ ಎಂದು ನಾನೇ ಗುರುತು ಹಾಕುತ್ತೇನೆ. ವಾರ್ಧಕ ಷಟ್ಪದಿಯ ಕರಡು ಬಂದರೆ 14, 23ರ ಜಾಗದಲ್ಲಿ 20, 32 ಎಂದು ಬರೆದರಾಯಿತು, ಉಳಿದದ್ದೆಲ್ಲ ಹಾಗೆಯೇ ನಡೆಯುತ್ತದೆ.