ಎಂಜಲೂ ನುಂಗಲಾಗದ ರಾತ್ರಿ
ಮೂರು ದಿನದ ಗಂಟಲು ನೋವು, ಉಪ್ಪುನೀರು ಮುಕ್ಕಳಿಸಿದರೆ ಹೋಗುತ್ತೆ ಅಂದುಕೊಂಡಿದ್ದೆ. ನಿನ್ನೆ ರಾತ್ರಿ ಎಂಜಲೂ ಇಳಿಯಲಿಲ್ಲ. ಬಾಯಿ ಎರಡು ಬೆರಳಷ್ಟೂ ತೆರೆಯದು, ಬಿಸಿ ತುತ್ತು ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗೆ ದನಿ. ಎಮರ್ಜೆನ್ಸಿಗೆ ಓಡಿದೆವು.

ಡಾಕ್ಟರ್ ಟಾರ್ಚ್ ಬಿಟ್ಟು ನೋಡಿ, ಬಲಗಡೆ ಟಾನ್ಸಿಲ್ ಪಕ್ಕ ಕೀವು ಕಟ್ಟಿದೆ, ಕಿರುನಾಲಿಗೆ ಎಡಕ್ಕೆ ವಾಲಿದೆ ಅಂದರು. ಮರಗಟ್ಟಿಸುವ ಸ್ಪ್ರೇ ಹೊಡೆದು ಸೂಜಿ ಹಾಕಿದರು. ಸಿರಿಂಜಿನಲ್ಲಿ ಹಳದಿ ಕೀವು ತುಂಬುತ್ತಾ ಬಂದ ಹಾಗೆ ಕಿವಿವರೆಗೂ ಹಬ್ಬಿದ್ದ ಸೆಳೆತ ಇಳಿಯಿತು. ಅಷ್ಟೂ ಹೊತ್ತು ನನ್ನ ತಲೆಯನ್ನು ಅಲುಗದಂತೆ ಹಿಡಿದಿದ್ದ ಆ ನರ್ಸಮ್ಮನ ಕೈ ಮರೆಯಲಾರೆ. ಥ್ಯಾಂಕ್ಸ್ ಹೇಳೋಕೂ ಬಾಯಿ ಬರಲಿಲ್ಲ.

ಗಂಟಲು ನೋವು ಹೆಚ್ಚಾಗಿ ವೈರಸ್‌ನಿಂದ ಬಂದು ತಾನೇ ವಾಸಿಯಾಗುತ್ತೆ, ನಿಜ. ಎಂಜಲು ನುಂಗಲಾಗದಿದ್ದರೆ, ಉಸಿರು ಕಷ್ಟವಾದರೆ ಮಾತ್ರ ದಯವಿಟ್ಟು ಬೆಳಗಾಗಲಿ ಅಂತ ಕಾಯಬೇಡಿ. ನಾನು ಕಾಯುವವಳಿದ್ದೆ.